ತಮ್ಮನಿಗೆ ಅಗ್ನಿವೀರ್ ಮೊದಲಾ, ಐಟಿಐ ಮೊದಲಾ?

ಕಟ್ಟಾಯದ ಅಕ್ಕ

ಎಲ್ಲರಿಗೂ ನಮಸ್ಕಾರ. ನಮ್ಮದು ಹಾಸನ ತಾಲ್ಲೂಕು, ಕಟ್ಟಾಯ ಹೋಬಳಿ. ತಮ್ಮನಿಗೆ ಈಗ 18 ವರ್ಷ. ಈ ಸಲ ದ್ವಿತೀಯ ಪಿಯು ಕಲಾ ವಿಭಾಗದಲ್ಲಿ ಪಾಸಾದ. ಎಸ್ಸೆಸ್ಸೆಲ್ಸಿಯಲ್ಲಿ 61 ಪರ್ಸೆಂಟ್ ಬಂದಿತ್ತು. ಡಿಗ್ರಿಗೆ ಹೋಗಲ್ಲ ಅಂತ ಖಡಾಖಂಡಿತ ಹೇಳಿಬಿಟ್ಟಿದ್ದಾನೆ. ಅವನ ಮನಸ್ಸೆಲ್ಲ ಮಿಲಿಟರಿ ಮೇಲೆ. ಕತ್ತಲಿರುವಾಗಲೇ ಎದ್ದು ಕೆರೆ ಏರಿ ಮೇಲೆ ಓಡುತ್ತಾನೆ. ಹಲಸಿನ ಮರದ ಕೊಂಬೆಗೆ ಪೈಪ್ ಕಟ್ಟಿಕೊಂಡು ಪುಲ್-ಅಪ್ ಹೊಡೆಯುತ್ತಾನೆ.

ಅಪ್ಪನಿಗೆ ಅವನು ಹಾಸನದಲ್ಲೇ ಐಟಿಐ ಎಲೆಕ್ಟ್ರಿಷಿಯನ್ ಸೇರಲಿ ಅಂತ ಆಸೆ. 'ನಾಲ್ಕು ವರ್ಷ ಆದ ಮೇಲೆ ವಾಪಸ್ ಕಳಿಸಿದರೆ ಏನು ಮಾಡ್ತೀಯ' ಅಂತ ಅಪ್ಪ ಕೇಳುತ್ತಾರೆ. 'ಐಟಿಐ ಮಾಡಿದ ನಮ್ಮೂರ ಹುಡುಗರು ಏನು ಮಾಡ್ತಿದ್ದಾರೆ ನೋಡು' ಅಂತ ಇವನು. ಊಟಕ್ಕೆ ಕೂತಾಗಲೆಲ್ಲ ಇದೇ ಮಾತು.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ. ಹೋದ ವರ್ಷ ಶುಂಠಿಗೆ ಕೊಳೆ ರೋಗ ಬಂದು ಹಾಕಿದ ದುಡ್ಡೂ ಬರಲಿಲ್ಲ. ಸೊಸೈಟಿ ಸಾಲ ಇದೆ. ತಿಂಗಳ ಸಂಬಳ ಬಂದರೆ ಮನೆಗೆ ಅನುಕೂಲ, ಇಲ್ಲ ಅನ್ನಲ್ಲ. ಆದರೆ ನಮ್ಮ ಸಾಲ ತೀರಿಸುವುದಕ್ಕೆ ಅಂತ ಅವನನ್ನು ಸೈನ್ಯಕ್ಕೆ ಕಳಿಸುವುದು ನನಗೆ ಸುತರಾಂ ಇಷ್ಟ ಇಲ್ಲ. ಅವನ ಬದುಕಿಗೆ ಯಾವುದು ಒಳ್ಳೆಯದು ಅಂತ ಗೊತ್ತಾಗಬೇಕು. ಸೈನ್ಯದಲ್ಲಿದ್ದವರು, ಐಟಿಐ ಮಾಡಿದವರು ದಯವಿಟ್ಟು ಹೇಳಿ.

ಸಕಲೇಶಪುರ ಮಾಜಿ ಸೈನಿಕ

ತಂಗಿ, ನಾನು ಹಳೆಯ ಪದ್ಧತಿಯಲ್ಲಿ ಸೇರಿದವನು. ಹವಾಲ್ದಾರ್ ಆಗಿ ನಿವೃತ್ತಿ ಆಯಿತು, ಪಿಂಚಣಿ ಬರುತ್ತದೆ. ಅದಕ್ಕೇ ಮೊದಲು ಒಂದು ಮಾತು: ನನ್ನಂಥವರನ್ನು ನೋಡಿ ನಿಮ್ಮ ತಮ್ಮ ಲೆಕ್ಕ ಹಾಕಬಾರದು. ಅಗ್ನಿಪಥ ಯೋಜನೆ 2022ರ ಜೂನ್ 14ರಂದು ಘೋಷಣೆಯಾಯಿತು. ಅಲ್ಲಿಂದಾಚೆಗೆ ಸಿಪಾಯಿ ಮಟ್ಟದಲ್ಲಿ ಸೇರುವವರು ಅಗ್ನಿವೀರರು, ಅವರ ಲೆಕ್ಕವೇ ಬೇರೆ.

ತರಬೇತಿ ಸೇರಿ ಸೇವೆ ನಾಲ್ಕು ವರ್ಷ. ಮೊದಲ ವರ್ಷ ತಿಂಗಳಿಗೆ 30,000 ರೂಪಾಯಿ. ಅದರಲ್ಲಿ ಶೇ 30 ಸೇವಾ ನಿಧಿಗೆ ಹೋಗುತ್ತದೆ, ಕೈಗೆ ಬರುವುದು 21,000. ಎರಡನೇ ವರ್ಷ 33,000, ಮೂರನೇ ವರ್ಷ 36,500, ನಾಲ್ಕನೇ ವರ್ಷ 40,000. ನಾಲ್ಕನೇ ವರ್ಷ ಕೈಗೆ ಸಿಗುವುದು 28,000. ಕಷ್ಟದ ಜಾಗಕ್ಕೆ ಹಾಕಿದರೆ ಅದರ ಭತ್ಯೆ ಬೇರೆ. ಆ ಸೇವಾ ನಿಧಿಯಲ್ಲಿ ನಾಲ್ಕು ವರ್ಷಕ್ಕೆ ಹುಡುಗನ ಪಾಲು ಒಟ್ಟು 5.02 ಲಕ್ಷ, ಸರ್ಕಾರ ಅಷ್ಟನ್ನೇ ಸೇರಿಸುತ್ತದೆ. ಹೊರಗೆ ಬರುವಾಗ 10.04 ಲಕ್ಷ ಮತ್ತು ಅದರ ಬಡ್ಡಿ. ಅದಕ್ಕೆ ತೆರಿಗೆ ಇಲ್ಲ. ಪಿಂಚಣಿ, ಗ್ರಾಚ್ಯುಟಿ ಇಲ್ಲ. ಮಾಜಿ ಸೈನಿಕ ಅನ್ನುವ ಸ್ಥಾನಮಾನವೂ ಇಲ್ಲ. ಹೆಚ್ಚೆಂದರೆ ಶೇ 25ರಷ್ಟು ಜನರನ್ನು ಕಾಯಂ ಮಾಡಿಕೊಳ್ಳುತ್ತಾರೆ. ಅವರು ಇನ್ನೂ ಕನಿಷ್ಠ 15 ವರ್ಷ ಇರಬೇಕು.

ನಿಮ್ಮ ಅಪ್ಪ ಕೇಳಿದ ಪ್ರಶ್ನೆ ಸರಿಯಾಗೇ ಇದೆ. ನಾಲ್ಕರಲ್ಲಿ ಮೂರು ಜನ ಇಪ್ಪತ್ತೆರಡು, ಇಪ್ಪತ್ಮೂರರ ವಯಸ್ಸಿಗೆ ಮನೆಗೆ ಬರುತ್ತಾರೆ. ಹಾಗಂತ ಹುಡುಗನ ಆಸೆಯನ್ನು ತಳ್ಳಿಹಾಕಬೇಡಿ. ಸೈನ್ಯಕ್ಕೆ ಮನಸ್ಸಿಟ್ಟವನನ್ನು ಬಲವಂತವಾಗಿ ಬೇರೆ ಕಡೆ ಕೂರಿಸಿದರೆ ಅವನು ಎರಡೂ ಕಡೆ ಸಲ್ಲುವುದಿಲ್ಲ.

ಚನ್ನರಾಯಪಟ್ಟಣ ಫಿಟ್ಟರ್

ಅಕ್ಕ, ನಾನು ಐಟಿಐಯಲ್ಲಿ ಫಿಟ್ಟರ್ ಟ್ರೇಡ್ (ಯಂತ್ರದ ಭಾಗ ಜೋಡಿಸುವ ಕಸುಬು) ಮಾಡಿ ಪೀಣ್ಯದಲ್ಲಿ ಕೆಲಸಕ್ಕೆ ಸೇರಿದವನು. ನಿಮ್ಮ ತಮ್ಮ ಹೇಳುವುದರಲ್ಲೂ ಸತ್ಯ ಇದೆ. ಐಟಿಐ ಸರ್ಟಿಫಿಕೇಟ್ ಇದ್ದ ಮಾತ್ರಕ್ಕೆ ಯಾರೂ ಕರೆದು ಕೆಲಸ ಕೊಡಲ್ಲ. ಶುರುವಿನಲ್ಲಿ ಗುತ್ತಿಗೆ ಕೆಲಸವೇ ಜಾಸ್ತಿ. ನನ್ನನ್ನೂ ಒಂದು ಕಾರ್ಖಾನೆಯವರು ವರ್ಷ ತುಂಬುವ ಮುಂಚೆ ಬಿಡಿಸಿ, ಮತ್ತೆ ಹೊಸಬನ ಹಾಗೆ ಸೇರಿಸಿಕೊಳ್ಳುತ್ತಿದ್ದರು. ರೂಮ್ ಬಾಡಿಗೆ, ಊಟ ಕಳೆದರೆ ಊರಿಗೆ ಕಳಿಸುವುದಕ್ಕೆ ಉಳಿಯುತ್ತಿದ್ದದ್ದು ತೀರಾ ಕಡಿಮೆ. ಆ ಹೊತ್ತಿಗೆ ಸೈನ್ಯ ಸೇರಿದ ನನ್ನ ಗೆಳೆಯ ತಿಂಗಳು ತಿಂಗಳು ಮನೆಗೆ ದುಡ್ಡು ಹಾಕುತ್ತಿದ್ದ. ಅವನಿಗೆ ಊಟ, ವಸತಿಯ ಖರ್ಚೇ ಇಲ್ಲ. ಆ ವ್ಯತ್ಯಾಸ ಸಣ್ಣದಲ್ಲ.

ನನ್ನ ಪರಿಸ್ಥಿತಿ ಬದಲಾದದ್ದು ಕಂಪ್ಯೂಟರ್ ನಿಯಂತ್ರಣದಲ್ಲಿ ಲೋಹ ಕಡೆಯುವ ಸಿಎನ್‌ಸಿ ಮಷಿನ್ ಮೇಲೆ ಕೈ ಕೂತ ಮೇಲೆ. ಸೆಟ್ಟಿಂಗ್ ಕಲಿತೆ, ಡ್ರಾಯಿಂಗ್ ಓದುವುದು ಕಲಿತೆ. ಈಗ ಕಂಪನಿಯವರೇ ಬಿಡಲ್ಲ. ಆದರೆ ಅಲ್ಲಿಗೆ ಬರುವುದಕ್ಕೆ ಹಲ್ಲು ಕಚ್ಚಿಕೊಂಡು ಇರಬೇಕಾಯಿತು. ಐಟಿಐ ಅಂದರೆ ಎರಡು ವರ್ಷದ ದಾರಿ ಅಂತ ಅಂದುಕೊಳ್ಳಬೇಡಿ. ನಾಲ್ಕೈದು ವರ್ಷ ಅಂತ ಅಂದುಕೊಂಡು ಸೇರಿಸಿ.

ಐಟಿಐ ಮೇಷ್ಟ್ರು

ನಾನು ಈ ಜಿಲ್ಲೆಯ ಸರ್ಕಾರಿ ಐಟಿಐ ಒಂದರಲ್ಲಿ ಪಾಠ ಮಾಡುತ್ತೇನೆ. ಇಲ್ಲಿ ಎಲ್ಲರೂ ಸೈನ್ಯ ಅಥವಾ ಐಟಿಐ ಅಂತ ಮಾತಾಡುತ್ತಿದ್ದೀರಿ. ನನ್ನ ಅನುಭವದಲ್ಲಿ ಯಾವುದು ಮೊದಲು ಅನ್ನುವುದೇ ದೊಡ್ಡ ಪ್ರಶ್ನೆ. ಸ್ವಲ್ಪ ಉದ್ದ ಆಗುತ್ತದೆ, ತಾಳ್ಮೆಯಿಂದ ಓದಿ.

ಅಗ್ನಿವೀರ್‌ಗೆ ಸೇರಲು ಕನಿಷ್ಠ ವಯಸ್ಸು ಹದಿನೇಳೂವರೆ. ಯೋಜನೆ ಘೋಷಣೆಯಾದಾಗ ಗರಿಷ್ಠ 21 ಅಂತ ಇಟ್ಟರು. ಆ ಒಂದು ವರ್ಷಕ್ಕೆ ಮಾತ್ರ 23ಕ್ಕೆ ಏರಿಸಿದ್ದರು. ಅಂದರೆ ಸೈನ್ಯದ ಬಾಗಿಲು ತೆರೆದಿರುವುದು ಕೆಲವೇ ವರ್ಷ. ಐಟಿಐಗೆ 14 ವರ್ಷ ತುಂಬಿದ್ದರೆ ಸಾಕು, ಇಷ್ಟೇ ವಯಸ್ಸಿನೊಳಗೆ ಬರಬೇಕು ಅಂತ ಮೇಲಿನ ಮಿತಿ ಇಲ್ಲ. ಇದನ್ನು ಕೇಳಿದವರು 'ಹಾಗಾದರೆ ಸೈನ್ಯ ಮೊದಲು, ಐಟಿಐ ಆಮೇಲೆ' ಅನ್ನುತ್ತಾರೆ. ಕಾಗದದ ಮೇಲೆ ಅದು ಸರಿ. ಆದರೆ ನಾಲ್ಕು ವರ್ಷ ಸಂಬಳ ಎಣಿಸಿದ ಹುಡುಗ ಇಪ್ಪತ್ಮೂರಕ್ಕೆ ಬಂದು ಹದಿನಾರರ ಹುಡುಗರ ಪಕ್ಕ ಬೆಂಚಿನಲ್ಲಿ ಕೂರಬೇಕು. ಮನೆಯಲ್ಲಿ ಮದುವೆ ಮಾತು ಶುರುವಾಗಿರುತ್ತದೆ. ಕೂರುವವರು ಬಹಳ ಕಡಿಮೆ.

ಐಟಿಐ ಮೊದಲು ಮಾಡಿದರೆ ಏನು ಲಾಭ? ನಿಮ್ಮ ತಮ್ಮ ಪಿಯು ಕಲಾ ವಿಭಾಗ. ಈಗ ಅರ್ಜಿ ಹಾಕಿದರೆ ಜನರಲ್ ಡ್ಯೂಟಿ, ಅಂದರೆ ಸಾಮಾನ್ಯ ಸಿಪಾಯಿ, ಅಥವಾ ಅಡುಗೆ, ದರ್ಜಿಯಂಥ ಕೆಲಸದ ಟ್ರೇಡ್ಸ್‌ಮನ್. ಟೆಕ್ನಿಕಲ್ ವಿಭಾಗಕ್ಕೆ ಅವನಿಗೆ ಅರ್ಹತೆ ಇಲ್ಲ. ಅದಕ್ಕೆ ಪಿಯುಸಿ ವಿಜ್ಞಾನ ಬೇಕು. ಇಲ್ಲವಾದರೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ 50, ಇಂಗ್ಲಿಷ್, ಗಣಿತ, ವಿಜ್ಞಾನದಲ್ಲಿ ತಲಾ ಶೇ 40 ಇದ್ದು, ಜೊತೆಗೆ ನಿಗದಿತ ಟ್ರೇಡ್‌ನಲ್ಲಿ ಎರಡು ವರ್ಷದ ಐಟಿಐ ಆಗಿರಬೇಕು. ಎಲೆಕ್ಟ್ರಿಷಿಯನ್, ಫಿಟ್ಟರ್ ಎರಡೂ ಆ ಪಟ್ಟಿಯಲ್ಲಿವೆ. ಐಟಿಐ ಆದವರಿಗೆ ಬೋನಸ್ ಅಂಕವೂ ಉಂಟು. ಟೆಕ್ನಿಕಲ್‌ನಲ್ಲಿ ಆಯ್ಕೆಯಾದರೆ ಕಲಿತ ಕೆಲಸದ ಹತ್ತಿರವೇ ನಾಲ್ಕು ವರ್ಷ ಕಳೆಯುತ್ತಾನೆ. ಕಾಯಂ ಆಗದೆ ಹೊರಗೆ ಬಂದರೂ ಕೈಯಲ್ಲಿ ಒಂದು ಕಸುಬು ಇರುತ್ತದೆ.

ವಯಸ್ಸಿನ ಲೆಕ್ಕ ಮಾತ್ರ ಹುಷಾರು. ಈಗ 18. ಐಟಿಐ ಮುಗಿಯುವಾಗ 20 ದಾಟಿರುತ್ತದೆ. ಒಂದು ಭರ್ತಿ ಸಿಗಬಹುದು, ಎರಡು ಸಿಗುವುದು ಕಷ್ಟ. ಅರ್ಜಿ, ಆನ್‌ಲೈನ್ ಪರೀಕ್ಷೆ, ಆಮೇಲೆ ಓಟ, ದೇಹ ಪರೀಕ್ಷೆಯ ರ್‍ಯಾಲಿ, ಹೀಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಪ್ರತಿ ಅಧಿಸೂಚನೆಯಲ್ಲಿ 'ಈ ದಿನಾಂಕದಿಂದ ಈ ದಿನಾಂಕದೊಳಗೆ ಹುಟ್ಟಿದವರು' ಅಂತ ಒಂದು ಸಾಲು ಇರುತ್ತದೆ. ಆ ಸಾಲನ್ನು ಪೆನ್ನು ಹಿಡಿದು ಓದಿ.

ಐಟಿಐ ಆರಿಸುವಾಗ ಸರ್ಕಾರಿ ಐಟಿಐಗೇ ಮೊದಲ ಆದ್ಯತೆ ಕೊಡಿ. ಸೀಟು ಎಸ್ಸೆಸ್ಸೆಲ್ಸಿ ಅಂಕದ ಮೇಲೆ, ಫೀಸೂ ಕಡಿಮೆ. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಜೊತೆ ಸೇರಿ ಮೇಲ್ದರ್ಜೆಗೆ ಏರಿಸಿದ್ದಾರೆ. ರೋಬೋಟ್, ಸಿಎನ್‌ಸಿ, ಎಲೆಕ್ಟ್ರಿಕ್ ವಾಹನದ ಲ್ಯಾಬ್‌ಗಳು ಬಂದಿವೆ. ಖಾಸಗಿ ಐಟಿಐ ಆದರೆ ನೀವು ಸೇರುವ ಆ ಟ್ರೇಡ್‌ಗೇ ಎನ್‌ಸಿವಿಟಿ (ಕೇಂದ್ರದ ವೃತ್ತಿ ತರಬೇತಿ ಮಂಡಳಿ) ಮಾನ್ಯತೆ ಇದೆಯಾ ನೋಡಿ. ಸಂಸ್ಥೆಗೆ ಇದೆ ಅಂದರೆ ಸಾಲದು. 'ಹಾಜರಾತಿ ನಾವು ನೋಡಿಕೊಳ್ತೀವಿ, ಪರೀಕ್ಷೆಗೆ ಬಂದರೆ ಸಾಕು' ಅಂದರೆ ಅಲ್ಲಿಂದ ಎದ್ದು ಬನ್ನಿ. ಕೈಗೆ ಉಪಕರಣ ಹಿಡಿಯದೆ ಪಡೆದ ಸರ್ಟಿಫಿಕೇಟ್ ಸಂದರ್ಶನದಲ್ಲಿ ಐದು ನಿಮಿಷಕ್ಕೇ ಬಯಲಾಗುತ್ತದೆ.

ಹೊಳೆನರಸೀಪುರ ವೈಂಡಿಂಗ್

ಮೇಷ್ಟ್ರು ಹೇಳಿದ ಕೊನೆಯ ಮಾತಿಗೆ ನನ್ನದೂ ಒಂದು. ನಾನು ಮೋಟರ್ ವೈಂಡಿಂಗ್ ಅಂಗಡಿ ಇಟ್ಟಿದ್ದೇನೆ. ಎಲೆಕ್ಟ್ರಿಷಿಯನ್ ಅಂದರೆ ಮನೆಗೆ ಬಲ್ಬ್ ಹಾಕುವವನು ಅಂತ ಹುಡುಗರು ಅಂದುಕೊಂಡಿದ್ದಾರೆ. ನಮ್ಮ ಕಡೆ ಹೊಲ ಹೊಲದಲ್ಲೂ ಪಂಪ್‌ಸೆಟ್. ಬೇಸಿಗೆಯಲ್ಲಿ ವೋಲ್ಟೇಜ್ ಇಳಿಯುತ್ತದೆ, ಇಲ್ಲವೇ ಒಂದು ಫೇಸ್ ಹೋಗುತ್ತದೆ. ಮೋಟರ್ ಗುಂಯ್ ಅನ್ನುತ್ತಾ ಬಿಸಿಯಾಗಿ ಕಾಯಿಲ್ ಸುಡುತ್ತದೆ. ರೈತ ರಾತ್ರೋರಾತ್ರಿ ಗೂಡ್ಸ್ ಆಟೋದಲ್ಲಿ ಹಾಕಿಕೊಂಡು ಬರುತ್ತಾನೆ. ನೀರಿಲ್ಲದೆ ಬೆಳೆ ಒಣಗುತ್ತಿರುತ್ತದೆ, ಅವನಿಗೆ ನಾಳೆಯೇ ಬೇಕು.

ಬಿಚ್ಚುವಾಗಲೇ ಸುಟ್ಟ ವಾರ್ನಿಷ್ ವಾಸನೆ ಬರುತ್ತದೆ. ಹಳೆಯ ತಂತಿಯನ್ನು ತೆಗೆಯುವ ಮುಂಚೆ ಎಷ್ಟು ಸ್ಲಾಟ್, ಒಂದು ಕಾಯಿಲ್‌ಗೆ ಎಷ್ಟು ಸುತ್ತು, ತಂತಿ ಎಷ್ಟು ಗೇಜ್ ಅಂತ ಬರೆದುಕೊಳ್ಳಬೇಕು. ಹೊಸ ಕಾಯಿಲ್ ಕೂರಿಸುವಾಗ ಸ್ಲಾಟ್ ಅಂಚಿಗೆ ತಗುಲಿ ಎನಾಮಲ್ ಒಂದು ಕೂದಲೆಳೆಯಷ್ಟು ಕೆರೆದರೂ ಮುಗಿಯಿತು. ಚಾಲೂ ಮಾಡಿದ ಒಂದು ಗಂಟೆಯಲ್ಲೋ ಒಂದು ವಾರದಲ್ಲೋ ಮತ್ತೆ ಸುಡುತ್ತದೆ. ಈ ಕೆಲಸ ಸರಿಯಾಗಿ ಬರುವವನಿಗೆ ನಮ್ಮ ಜಿಲ್ಲೆಯಲ್ಲಿ ಕೆಲಸ ಹುಡುಕಿಕೊಂಡು ಬರುತ್ತದೆ. ನನ್ನ ಹತ್ತಿರ ಕಲಿತ ಇಬ್ಬರು ಹುಡುಗರು ಈಗ ಸ್ವಂತ ಅಂಗಡಿ ಇಟ್ಟಿದ್ದಾರೆ. ಒಬ್ಬ ಐಟಿಐ ಮಾಡಿದವನು, ಇನ್ನೊಬ್ಬ ಮಾಡದವನು. ಕೈಚಳಕ ಇಬ್ಬರಿಗೂ ಇದೆ. ಆದರೆ ಐಟಿಐ ಮಾಡಿದವನು ವೈರ್‌ಮನ್ ಪರ್ಮಿಟ್ ತೆಗೆದುಕೊಂಡು ಕಟ್ಟಡದ ವೈರಿಂಗ್ ಕೆಲಸವನ್ನೂ ಹಿಡಿಯುತ್ತಿದ್ದಾನೆ. ಈಗ ಮನೆ ಮೇಲೆ ಸೋಲಾರ್ ಹಾಕುವ ಕೆಲಸವೂ ಬರುತ್ತಿದೆ. ಇನ್ನೊಬ್ಬ ಅಂಗಡಿಗೇ ಅಂಟಿಕೊಂಡಿದ್ದಾನೆ.

ಅಪ್ಪನ ಪರ ಮಾತಾಡುತ್ತಿದ್ದೇನೆ ಅಂತ ತಮ್ಮನಿಗೆ ಬೇಜಾರಾಗಬಾರದು. ಒಂದು ವಾರ ನಮ್ಮ ಅಂಗಡಿಗೆ ಬಂದು ಸುಮ್ನೆ ಕೂತು ನೋಡಲಿ. ಇಷ್ಟವಾಗದಿದ್ದರೆ ಎಲೆಕ್ಟ್ರಿಷಿಯನ್ ಟ್ರೇಡ್ ತೆಗೆದುಕೊಳ್ಳುವುದು ಬೇಡ.

ಬೇಲೂರಿನ ತಾಯಿ

ನನ್ನ ಮಗ ಅಗ್ನಿವೀರ್. ಈಗ ಉತ್ತರದಲ್ಲಿ ಗಡಿ ಹತ್ತಿರ ಇದ್ದಾನೆ, ಎಲ್ಲಿ ಅಂತ ಇಲ್ಲಿ ಬರೆಯಲ್ಲ. ವರ್ಷಕ್ಕೆ 30 ದಿನ ರಜೆ. ಬರುವುದಕ್ಕೆ ಹೋಗುವುದಕ್ಕೆ ರೈಲಿನಲ್ಲೇ ದಿನಗಳು ಹೋಗುತ್ತವೆ. ಹೋಗುವಾಗ ಅನ್ನದ ಮುಂದೆ ಮೂಗು ಮುರಿಯುತ್ತಿದ್ದ ಹುಡುಗ. ಮೊದಲ ರಜೆಗೆ ಬಂದಾಗ ತಾನೇ ತಟ್ಟೆ ತೊಳೆದಿಟ್ಟ, ಹಾಸಿಗೆ ಮಡಚಿಟ್ಟ, ಅವರಪ್ಪನ ಜೊತೆ ಗದ್ದೆಗೆ ಹೋದ. ಹಿಂದಿ ಮಾತಾಡುತ್ತಾನೆ. ಧೈರ್ಯ ಬಂದಿದೆ. ಇದನ್ನೆಲ್ಲ ದುಡ್ಡಿನ ಲೆಕ್ಕದಲ್ಲಿ ಹೇಳುವುದಕ್ಕೆ ಆಗಲ್ಲ.

ಭಯವನ್ನೂ ಹೇಳಬೇಕು ಅಲ್ವಾ. ಟಿವಿಯಲ್ಲಿ ಗಡಿ ಸುದ್ದಿ ಬಂದರೆ ನಾನು ಅಡುಗೆ ಮನೆಯಿಂದ ಹೊರಗೆ ಬರುವುದಿಲ್ಲ. 48 ಲಕ್ಷದ ವಿಮೆ ಇದೆ, ಅದಕ್ಕೆ ಅವನ ಸಂಬಳದಿಂದ ಹಿಡಿಯುವುದಿಲ್ಲ. ಕರ್ತವ್ಯದಲ್ಲಿ ಏನಾದರೂ ಆದರೆ 44 ಲಕ್ಷ ಪರಿಹಾರ ಬೇರೆ. ಕಾಗದ ಓದಿದ್ದೇನೆ. ತಾಯಿಗೆ ಅದರಿಂದ ಸಮಾಧಾನ ಸಿಗಲ್ಲ. ನಿಮ್ಮ ಅಮ್ಮನನ್ನೂ ಕೂರಿಸಿಕೊಂಡು ಮಾತಾಡಿ ತಂಗಿ. ನಿಮ್ಮ ಬರಹದಲ್ಲಿ ಅಪ್ಪನ ಮಾತು ಇದೆ, ತಮ್ಮನ ಮಾತು ಇದೆ, ಅಮ್ಮ ಏನು ಹೇಳುತ್ತಾರೆ ಅಂತ ಇಲ್ಲ.

ಕಟ್ಟಾಯದ ಅಕ್ಕ

ಬೇಲೂರಿನ ಅಮ್ಮ, ನೀವು ಕೇಳಿದ ಮೇಲೆ ಹೋಗಿ ನಮ್ಮಮ್ಮನನ್ನು ಕೇಳಿದೆ. 'ಅವನು ಎಲ್ಲಿದ್ದರೂ ಹೊತ್ತಿಗೆ ಊಟ ಮಾಡಿದರೆ ಸಾಕು' ಅಂದರು. ಆಮೇಲೆ ಒಬ್ಬರೇ ಕೂತು ಅತ್ತರು.

ಮೇಷ್ಟ್ರೇ, ನಿಮ್ಮ ಮಾತನ್ನು ಅಪ್ಪನಿಗೂ ತಮ್ಮನಿಗೂ ಓದಿ ಹೇಳಿದೆ. ಇಬ್ಬರೂ ಮೊದಲ ಸಲ ಒಟ್ಟಿಗೆ ಸುಮ್ಮನಾದರು. ನನಗೆ ಇನ್ನೊಂದು ಅನುಮಾನ. ಎರಡು ವರ್ಷ ಐಟಿಐ ಮಾಡುವಾಗ ಓಟ ಬಿಟ್ಟುಹೋಗುವುದಿಲ್ಲವಾ? ಬಸ್ಸಿನಲ್ಲಿ ಓಡಾಡಬೇಕು. ಒಂದೇ ಅವಕಾಶ ಇರುವಾಗ ಅದೂ ಕೈತಪ್ಪಿದರೆ ಜೀವನಪೂರ್ತಿ ನಮ್ಮನ್ನು ದೂರುತ್ತಾನೆ.

ಸಕಲೇಶಪುರ ಮಾಜಿ ಸೈನಿಕ

ಮೇಷ್ಟ್ರ ಮಾತಿಗೆ ನನ್ನ ತಕರಾರು ಇರುವುದೂ ಅಲ್ಲೇ. ಒಂದೇ ಭರ್ತಿಯನ್ನು ನಂಬಿ ಎರಡು ವರ್ಷ ಕಾಯುವುದು ಬೇಡ. ಐಟಿಐಗೆ ಸೇರಲಿ. ಸೇರಿದ ಮೇಲೂ ಈ ವರ್ಷದ ಅರ್ಜಿ ಹಾಕಲಿ, ಮುಂದಿನ ವರ್ಷವೂ ಹಾಕಲಿ. ಜನರಲ್ ಡ್ಯೂಟಿಗೆ ಎಸ್ಸೆಸ್ಸೆಲ್ಸಿಯಲ್ಲಿ ಒಟ್ಟು ಶೇ 45, ಪ್ರತಿ ವಿಷಯದಲ್ಲಿ ಶೇ 33 ಸಾಕು. ಅವನಿಗೆ ಅದು ಇದೆ. 2023ರಿಂದ ಮೊದಲು ಆನ್‌ಲೈನ್ ಪರೀಕ್ಷೆ, ಅದರಲ್ಲಿ ಪಾಸಾದವರಿಗೆ ಮಾತ್ರ ರ್‍ಯಾಲಿ. 2025ರಿಂದ ಕನ್ನಡದಲ್ಲೂ ಪರೀಕ್ಷೆ ಬರೆಯಬಹುದು. ನಮ್ಮ ಹುಡುಗರು ಓಟದಲ್ಲಿ ಹಿಂದೆ ಬೀಳುವುದಿಲ್ಲ, ಈ ಪರೀಕ್ಷೆಯಲ್ಲಿ ಬೀಳುತ್ತಾರೆ. ಗಣಿತ, ಸಾಮಾನ್ಯ ವಿಜ್ಞಾನ, ರೀಸನಿಂಗ್ ದಿನಾ ಒಂದು ಗಂಟೆ ಓದಲಿ.

ಓಟಕ್ಕೆ 1.6 ಕಿಲೋಮೀಟರ್. ಐದೂವರೆ ನಿಮಿಷದೊಳಗೆ ಮುಗಿಸಿದರೆ ಪೂರ್ತಿ 60 ಅಂಕ. ಹತ್ತು ಪುಲ್-ಅಪ್‌ಗೆ 40. ಒಂಬತ್ತು ಅಡಿ ಹಳ್ಳ ಹಾರಬೇಕು, ಅಂಕುಡೊಂಕು ಬೀಮ್ ಮೇಲೆ ನಡೆಯಬೇಕು. ಎತ್ತರ ನಮ್ಮ ಕಡೆಯವರಿಗೆ 166 ಸೆಂಟಿಮೀಟರ್. ಕೆರೆ ಏರಿ ಓಟವನ್ನು ವಾರಕ್ಕೆ ನಾಲ್ಕು ದಿನ ಉಳಿಸಿಕೊಂಡರೆ ಐಟಿಐ ಅಡ್ಡ ಬರುವುದಿಲ್ಲ. ದುಡ್ಡು ಕೊಟ್ಟರೆ ಸೇರಿಸುತ್ತೇವೆ ಅನ್ನುವವರನ್ನು ಹತ್ತಿರ ಸೇರಿಸಬೇಡಿ. ಭರ್ತಿಯಲ್ಲಿ ಅವರ ಕೈಯಲ್ಲಿ ಏನೂ ಇಲ್ಲ.

ಚನ್ನರಾಯಪಟ್ಟಣ ಫಿಟ್ಟರ್

ಐಟಿಐ ಮಧ್ಯದಲ್ಲಿ ಜನರಲ್ ಡ್ಯೂಟಿಗೆ ಆಯ್ಕೆ ಆಗಿಬಿಟ್ಟರೆ? ಕೋರ್ಸ್ ಅರ್ಧಕ್ಕೇ ಬಿಟ್ಟು ಹೋಗಬೇಕಾ? ಅದರ ಬಗ್ಗೆಯೂ ಈಗಲೇ ಯೋಚನೆ ಮಾಡಿ.

ಐಟಿಐ ಮೇಷ್ಟ್ರು

ಒಳ್ಳೆಯ ಪ್ರಶ್ನೆ. ಮೊದಲ ವರ್ಷದಲ್ಲಿ ಆಯ್ಕೆಯಾದರೆ ಹೋಗಲಿ ಅನ್ನುತ್ತೇನೆ. ಕಳೆದುಕೊಳ್ಳುವುದು ಕೆಲವು ತಿಂಗಳು ಮಾತ್ರ. ಎರಡನೇ ವರ್ಷದ ಕೊನೆಯಲ್ಲಿ ಕರೆ ಬಂದರೆ ಕಷ್ಟದ ನಿರ್ಧಾರ. ಆಗ ನಾನಾದರೆ ಪರೀಕ್ಷೆ ಮುಗಿಸಿ ಟೆಕ್ನಿಕಲ್‌ಗೆ ಹಾಕು ಅನ್ನುತ್ತೇನೆ. ಆದರೆ ವಯಸ್ಸು ಮೀರುವ ಹಾಗಿದ್ದರೆ ಆ ಮಾತು ಹೇಳುವ ಹಕ್ಕು ನನಗಿಲ್ಲ, ಅದು ಅವನದೇ ನಿರ್ಧಾರ. ಒಮ್ಮೆ ಸೇರಿದ ಮೇಲೆ ಇಷ್ಟ ಇಲ್ಲ ಅಂತ ನಡುವೆ ಬಿಟ್ಟು ಬರುವುದಕ್ಕೆ ಸಾಮಾನ್ಯವಾಗಿ ಬಿಡುವುದಿಲ್ಲ. ಅದು ಅವನಿಗೆ ಗೊತ್ತಿರಲಿ.

ಸೈನ್ಯ ಸಿಗಲೇ ಇಲ್ಲ ಅಂದುಕೊಳ್ಳೋಣ. ಎರಡು ವರ್ಷದ ಐಟಿಐ ಆದವರು ಲ್ಯಾಟರಲ್ ಎಂಟ್ರಿಯಲ್ಲಿ ಡಿಪ್ಲೊಮಾದ ಎರಡನೇ ವರ್ಷಕ್ಕೇ ಸೇರಬಹುದು. ಅಪ್ರೆಂಟಿಸ್‌ಶಿಪ್ ಮಾಡಬಹುದು. ಮೈಸೂರಿನ ರೈಲ್ವೆ ವರ್ಕ್‌ಶಾಪ್, ಬೆಂಗಳೂರಿನ ಎಚ್‌ಎಎಲ್, ಬಿಇಎಲ್ ಇಂಥ ಕಡೆ ಐಟಿಐ ಆದವರನ್ನು ಅಪ್ರೆಂಟಿಸ್ ಆಗಿ ತೆಗೆದುಕೊಳ್ಳುತ್ತಾರೆ. ಸ್ಟೈಪೆಂಡ್ ಕಡಿಮೆ, ಆದರೆ ಅಲ್ಲಿ ಕೈಗೆ ಸಿಗುವ ಯಂತ್ರಗಳು ಐಟಿಐಯಲ್ಲಿ ಸಿಗುವುದಿಲ್ಲ. ಇದನ್ನು ಬಿಡುವ ಹುಡುಗರನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ತಿಂಗಳಿಗೆ ಎರಡು ಮೂರು ಸಾವಿರ ಜಾಸ್ತಿ ಸಿಗುತ್ತದೆ ಅಂತ ಯಾವುದೋ ಗೋದಾಮಿಗೆ ಹೋಗುತ್ತಾರೆ. ಎರಡು ವರ್ಷ ಕಲಿತದ್ದೆಲ್ಲ ಅಲ್ಲಿಗೆ ಮುಗಿಯಿತು.

ಅರಸೀಕೆರೆ ಲೋಕೋ

ನಾನು ರೈಲ್ವೆಯಲ್ಲಿ ಸಹಾಯಕ ಲೋಕೋ ಪೈಲಟ್. ಎಸ್ಸೆಸ್ಸೆಲ್ಸಿ ಜೊತೆ ಐಟಿಐ ಎಲೆಕ್ಟ್ರಿಷಿಯನ್ ಇದ್ದದ್ದಕ್ಕೇ ಅರ್ಜಿ ಹಾಕಲು ಆಯಿತು. ಪಿಯುಸಿ ಕಲಾ ವಿಭಾಗ ಮಾತ್ರ ಇದ್ದರೆ ಇದಕ್ಕೆ ಅರ್ಜಿ ಹಾಕುವ ಹಾಗೇ ಇಲ್ಲ. ಅದೂ ತಮ್ಮನಿಗೆ ತಿಳಿದಿರಲಿ.

ಇನ್ನೊಂದು ಮುಖ್ಯ ವಿಷಯ. ಏನೇ ನಿರ್ಧಾರ ಮಾಡುವ ಮುಂಚೆ ಹುಡುಗನ ಕಣ್ಣು ಪರೀಕ್ಷೆ ಮಾಡಿಸಿ. ಬಣ್ಣಗುರುಡು ಇದ್ದರೆ ತುಂಬಾ ಜನಕ್ಕೆ ಗೊತ್ತೇ ಇರುವುದಿಲ್ಲ. ಚುಕ್ಕಿ ಚುಕ್ಕಿ ಇರುವ ಪುಸ್ತಕ ತೋರಿಸಿ ಒಳಗಿನ ಅಂಕಿ ಓದಿಸುತ್ತಾರೆ, ಐದು ನಿಮಿಷದ ಕೆಲಸ. ಲೋಕೋ ಪೈಲಟ್‌ಗೆ ಕನ್ನಡಕ ಇಲ್ಲದೆ ದೃಷ್ಟಿ 6/6 ಇರಲೇಬೇಕು. ಸೈನ್ಯದ ಮೆಡಿಕಲ್‌ನಲ್ಲೂ ಕಣ್ಣು, ಚಪ್ಪಟೆ ಪಾದ, ಮಂಡಿ ಎಲ್ಲ ನೋಡುತ್ತಾರೆ. ನನ್ನ ಜೊತೆ ಓದಿದವನೊಬ್ಬ ಎಲ್ಲ ಪರೀಕ್ಷೆ ಪಾಸಾಗಿ ಮೆಡಿಕಲ್‌ನಲ್ಲಿ ವಾಪಸ್ ಬಂದ. ಮೊದಲೇ ಗೊತ್ತಿದ್ದಿದ್ದರೆ ಬೇರೆ ದಾರಿ ಹಿಡಿಯುತ್ತಿದ್ದ.

ಕಟ್ಟಾಯದ ತಮ್ಮ

ಎಲ್ಲರಿಗೂ ನಮಸ್ಕಾರ. ಅಕ್ಕ ನನಗೆ ಬರೆಯೋಕೆ ಹೇಳಿದಳು. ನೀವೆಲ್ಲ ಇಷ್ಟು ಬರೆದಿದ್ದಕ್ಕೆ ಥ್ಯಾಂಕ್ಸ್. ನನಗೆ ಸೈನ್ಯ ಬೇಕು ಅನ್ನೋದು ದುಡ್ಡಿಗಲ್ಲ. ನಾಲ್ಕು ವರ್ಷ ಆದರೂ ಆ ಸಮವಸ್ತ್ರ ಹಾಕಬೇಕು ಅಂತ ಚಿಕ್ಕವನಿದ್ದಾಗಿಂದ ಇದೆ. ಶೇ 25ರಲ್ಲಿ ಬರುತ್ತೇನೆ ಅಂತ ನಂಬಿಕೆ ಇದೆ. ಆದರೆ ಬರದಿದ್ದರೆ ಏನು ಅಂತ ಅಪ್ಪ ಕೇಳಿದಾಗ ನನ್ನ ಹತ್ತಿರ ಉತ್ತರ ಇರಲಿಲ್ಲ.

ಟೆಕ್ನಿಕಲ್ ವಿಷಯ ನನಗೆ ಗೊತ್ತಿರಲಿಲ್ಲ. ಅಂಕಪಟ್ಟಿ ತೆಗೆದು ನೋಡಿದೆ. ಗಣಿತದಲ್ಲಿ 47, ವಿಜ್ಞಾನದಲ್ಲಿ 52, ಇಂಗ್ಲಿಷ್ 60ರ ಮೇಲೆ. ಶೇ 40 ದಾಟಿದೆ ಅಲ್ವಾ ಸರ್? ವೈಂಡಿಂಗ್ ಅಣ್ಣ, ಸೋಮವಾರ ಬರಲಾ? ಬೆಳಗ್ಗೆ ಮೊದಲ ಬಸ್ಸಿಗೆ ಹೊರಡುತ್ತೇನೆ.

ಹೊಳೆನರಸೀಪುರ ವೈಂಡಿಂಗ್

ಬಾರಪ್ಪ. ಹಳೆ ಬಟ್ಟೆ ಹಾಕಿಕೊಂಡು ಬಾ, ವಾರ್ನಿಷ್ ಕಲೆ ಹೋಗಲ್ಲ. ಕೈಗೆ ಉಂಗುರ, ಕಡಗ ಏನೂ ಬೇಡ. ಅಂಗಡಿಯಲ್ಲಿ ಒಂದು ಐದು ಎಚ್‌ಪಿ ಮೋಟರ್ ಬಿಚ್ಚದೆ ಇಟ್ಟಿದ್ದೇನೆ. ನಿನ್ನ ಕೈಯಲ್ಲೇ ಬಿಚ್ಚಿಸುತ್ತೇನೆ.

ಐಟಿಐ ಮೇಷ್ಟ್ರು

ಮೂರರಲ್ಲೂ ದಾಟಿದೆ, ಅರ್ಹತೆಗೆ ತೊಂದರೆ ಇಲ್ಲ. ಐಟಿಐ ಅರ್ಜಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಜಾತಿ ಮತ್ತು ಆದಾಯ ಪ್ರಮಾಣಪತ್ರ ತೆಗೆದಿಟ್ಟುಕೊ. ಗ್ರಾಮೀಣ, ಕನ್ನಡ ಮಾಧ್ಯಮದ ಪ್ರಮಾಣಪತ್ರ ಇದ್ದರೆ ಅವನ್ನೂ ಇಟ್ಟುಕೋ. ಎಲೆಕ್ಟ್ರಿಷಿಯನ್‌ಗೆ ಪೈಪೋಟಿ ಜಾಸ್ತಿ, ಅದಕ್ಕೇ ಎರಡನೇ ಆಯ್ಕೆಯಾಗಿ ಫಿಟ್ಟರ್ ಹಾಕು. ಒಂದು ವರ್ಷದ ಟ್ರೇಡ್ ಹಾಕಬೇಡ, ಸೈನ್ಯದ ಟೆಕ್ನಿಕಲ್‌ಗೆ ಎರಡು ವರ್ಷದ್ದೇ ಬೇಕು.

ಸಕಲೇಶಪುರ ಮಾಜಿ ಸೈನಿಕ

ಅಂಕಪಟ್ಟಿಯಲ್ಲಿರುವ ಹೆಸರು, ಅಪ್ಪನ ಹೆಸರು, ಹುಟ್ಟಿದ ದಿನ ಆಧಾರ್‌ನಲ್ಲೂ ಅಕ್ಷರಕ್ಕೆ ಅಕ್ಷರ ಹಾಗೇ ಇದೆಯಾ ಈಗಲೇ ನೋಡಿಕೋ ಮಗನೇ. ಇನಿಷಿಯಲ್ ಒಂದರಲ್ಲಿ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದರೂ ದಾಖಲೆ ಪರಿಶೀಲನೆಯಲ್ಲಿ ತಲೆನೋವು. ಸರಿ ಮಾಡಿಸುವುದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಅಧಿಸೂಚನೆ ಬಂದ ಮೇಲೆ ಓಡಾಡಿದರೆ ಆಗಲ್ಲ. ಓಟದ ಸಮಯವನ್ನು ಮೊಬೈಲ್‌ನಲ್ಲಿ ಹಿಡಿದು ನನಗೆ ಕಳಿಸು. ಆರು ನಿಮಿಷದ ಮೇಲಿದ್ದರೆ ಹೇಗೆ ಇಳಿಸಬೇಕು ಅಂತ ಹೇಳಿಕೊಡುತ್ತೇನೆ.